ಒಂದು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಮಗಳಿಗೆ ಇನ್‌ಸ್ಟೇಟ್ ಫೀ ಸಿಗುತ್ತಾ?

ಚಾಂಡ್ಲರ್_ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಹತ್ತು ವರ್ಷದಿಂದ ಅರಿಜೋನಾದ ಚಾಂಡ್ಲರ್‌ನಲ್ಲಿದ್ದೇವೆ. ಯಜಮಾನರು ಎಚ್-1ಬಿ (ಕೆಲಸದ ವೀಸಾ), ನಾನು ಮತ್ತು ಮಗಳು ಎಚ್-4 (ಅವರ ಕುಟುಂಬಕ್ಕೆ ಸಿಗುವ ವೀಸಾ). ಗ್ರೀನ್ ಕಾರ್ಡ್ ಸಾಲಿನಲ್ಲಿ ಇನ್ನೂ ಹಿಂದೆ ಇದ್ದೇವೆ. ಮಗಳಿಗೆ ಈ ಮಾರ್ಚ್‌ನಲ್ಲಿ 18 ತುಂಬಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಒಂದು ಕ್ಯಾಂಪಸ್‌ನಲ್ಲಿ ಸೀಟು ಸಿಕ್ಕಿದೆ, ಅಲ್ಲಿಗೇ ಹೋಗಬೇಕು ಅಂತ ತುಂಬಾ ಆಸೆ. ಆದರೆ ಹೊರ ರಾಜ್ಯದವರು ಮಾಮೂಲಿ ಫೀ (ಅದೇ ರಾಜ್ಯದವರು ಕಟ್ಟುವ ಇನ್‌ಸ್ಟೇಟ್ ಫೀ) ಜೊತೆಗೆ ವರ್ಷಕ್ಕೆ 30,000 ಡಾಲರ್‌ಗಿಂತ ಜಾಸ್ತಿ ಕಟ್ಟಬೇಕು. ನಾಲ್ಕು ವರ್ಷದ ಲೆಕ್ಕ ಹಾಕಿದ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಪರಿಚಯದವರೊಬ್ಬರು, ಮೊದಲನೇ ವರ್ಷ ಹೇಗೋ ಕಟ್ಟಿಬಿಡಿ, ಅವಳು ಅಲ್ಲಿ ಮನೆ ಬಾಡಿಗೆಗೆ ಹಿಡಿದು ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡರೆ ಎರಡನೇ ವರ್ಷದಿಂದ ಇನ್‌ಸ್ಟೇಟ್ ಆಗುತ್ತಾಳೆ ಅಂದರು. ಇದು ನಿಜವೇ? ಮೇ 1ರೊಳಗೆ ಕಾಲೇಜಿಗೆ ಹೇಳಬೇಕು.

ಹಾಸನ_ಟು_ಫ್ರೀಮಾಂಟ್:
ಮೇಡಂ, ದಯವಿಟ್ಟು ಆ ಮಾತು ನಂಬಿ ಮೊದಲ ವರ್ಷದ ದುಡ್ಡು ಕಟ್ಟಬೇಡಿ. ಒಂದು ವರ್ಷ ಅನ್ನುವುದು ನಿಜ, ತರಗತಿ ಶುರುವಾಗುವ ಹೊತ್ತಿಗೆ ಒಂದು ತಾರೀಖು ಇಟ್ಟಿರುತ್ತಾರೆ, ಅದಕ್ಕೆ ಮುಂಚೆ 366 ದಿನ ರಾಜ್ಯದಲ್ಲಿ ಇರಬೇಕು. ಆದರೆ ಸುಮ್ನೆ ಇದ್ದರೆ ಸಾಲದು. ಇಲ್ಲೇ ನೆಲೆಸಲು ಬಂದಿರಾ ಅಥವಾ ಓದಲು ಮಾತ್ರ ಬಂದಿರಾ ಅಂತ ನೋಡುತ್ತಾರೆ. ಲೈಸೆನ್ಸ್, ಗಾಡಿ ರಿಜಿಸ್ಟ್ರೇಷನ್, ಟ್ಯಾಕ್ಸ್ ಎಲ್ಲ ಆ ಲೆಕ್ಕಕ್ಕೆ ಬರುತ್ತವೆ, ಬೇಸಿಗೆ ರಜೆಗೆ ಮೂರು ತಿಂಗಳು ಚಾಂಡ್ಲರ್‌ಗೆ ಬಂದು ಕೂತರೆ ಅದೂ ಲೆಕ್ಕಕ್ಕೆ ಬರುತ್ತದೆ.

ನಿಮಗೆ ಕಷ್ಟವಾಗುವುದು ಇದಲ್ಲ, ಮುಂದಿನದು. 24 ತುಂಬದ, ಮದುವೆಯಾಗದ ಡಿಗ್ರಿ ವಿದ್ಯಾರ್ಥಿಯ ಅಪ್ಪ ಅಮ್ಮ ಕ್ಯಾಲಿಫೋರ್ನಿಯಾದವರಲ್ಲದಿದ್ದರೆ, ಅವಳು ತನ್ನ ಖರ್ಚನ್ನು ಪೂರ್ತಿ ತಾನೇ ನೋಡಿಕೊಳ್ಳುತ್ತಿದ್ದಾಳೆ ಅಂತ ತೋರಿಸಬೇಕು. ನೀವು ಟ್ಯಾಕ್ಸ್‌ನಲ್ಲಿ ಅವಳನ್ನು ಡಿಪೆಂಡೆಂಟ್, ಅಂದರೆ ನಿಮ್ಮ ಮೇಲೆ ಅವಲಂಬಿತಳು, ಅಂತ ಹಾಕಿರಬಾರದು. ಮಗಳು ಎಚ್-4 ಅಂದಿರಿ. ಎಚ್-4 ಮಕ್ಕಳು ಕೆಲಸ ಮಾಡುವಂತೆಯೇ ಇಲ್ಲ ಅಲ್ವಾ? ಎಚ್-4 ಮೇಲೆ ಕೆಲಸದ ಪರ್ಮಿಟ್ ಸಿಗುವುದು ಗಂಡ ಅಥವಾ ಹೆಂಡತಿಗೆ, ಅದೂ ಕೆಲವರಿಗೆ ಮಾತ್ರ. ದುಡಿಯುವಂತಿಲ್ಲದ ಹುಡುಗಿ ಸ್ವಂತ ದುಡಿಮೆಯಿಂದ ಓದುತ್ತಿದ್ದೇನೆ ಅಂತ ಹೇಗೆ ತೋರಿಸುತ್ತಾಳೆ? ಆ ದಾರಿ ಅಲ್ಲಿಗೇ ಮುಚ್ಚಿಹೋಯಿತು.

ಇನ್ನೊಂದು ದಾರಿ ಇದೆ. ಯಜಮಾನರ ಕೆಲಸ ನಿಜವಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು, ನೀವೆಲ್ಲ ಇಲ್ಲಿಗೆ ಬಂದು ನೆಲೆಸಿ, ವರ್ಷ ದಾಟಿದರೆ ಅವಳು ಅರ್ಜಿ ಹಾಕಬಹುದು. ಎಚ್-1ಬಿ, ಎಚ್-4 ಇರುವವರಿಗೂ ಯುಸಿ ರೆಸಿಡೆನ್ಸಿ (ಇದೇ ರಾಜ್ಯದವರು ಅನ್ನುವ ಮಾನ್ಯತೆ) ಕೊಡುತ್ತದೆ, ವೀಸಾ ಅಡ್ಡ ಬರುವುದಿಲ್ಲ. ಫೀ ಒಂದಕ್ಕೋಸ್ಕರ ಮನೆ ಬದಲಿಸಬೇಡಿ, ಬೇ ಏರಿಯಾದ ಬಾಡಿಗೆಯಲ್ಲೇ ಉಳಿಸಿದ್ದು ಹೋಗಿಬಿಡುತ್ತದೆ.

ಕುಂದಾಪುರದ_ಹುಡುಗ:
ಅಕ್ಕಾ, ನಾನೂ ಎಚ್-4ನಲ್ಲೇ ಬೆಳೆದವನು. ಒಂದು ವಿಷಯ ಈಗಲೇ ಯೋಚಿಸಿ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ನಿಮ್ಮ ಮಗಳಿಗೆ ಅದು ಮೂರನೇ ವರ್ಷದ ಮಧ್ಯೆ ಬರುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಅರ್ಜಿ ಮುಂದಕ್ಕೆ ಹೋಗದಿದ್ದರೆ ಎಫ್-1ಗೆ (ವಿದ್ಯಾರ್ಥಿ ವೀಸಾಗೆ) ಬದಲಾಗಬೇಕು, ಎಫ್-1 ಇದ್ದವರಿಗೆ ಯುಸಿ ರೆಸಿಡೆನ್ಸಿ ಕೊಡುವುದಿಲ್ಲ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನು ಓದಿದ್ದು ಬೇರೆ ರಾಜ್ಯದಲ್ಲಿ, ಇನ್‌ಸ್ಟೇಟ್ ಫೀ ಕಟ್ಟುತ್ತಾ ಇದ್ದವನಿಗೆ ವೀಸಾ ಬದಲಾದ ಮೇಲೆ ಒಂದು ಸೆಮಿಸ್ಟರ್‌ನ ಬಿಲ್ ಎರಡು ಪಟ್ಟಿಗಿಂತ ಜಾಸ್ತಿ ಬಂತು. ಅಪ್ಪ ಉಡುಪಿಯಲ್ಲಿದ್ದ ಸೈಟು ಮಾರಿದರು. ಐದನೇ ವಯಸ್ಸಿನಿಂದ ಇದೇ ದೇಶದಲ್ಲಿದ್ದೂ ಆ ಬಿಲ್ ನೋಡಿದಾಗ ನಾನು ಯಾವ ಊರಿನವನೂ ಅಲ್ಲ ಅನ್ನಿಸಿತ್ತು.

ಆದ್ದರಿಂದ ಯಾವ ಕಾಲೇಜೇ ಆಗಲಿ, ನಿಮ್ಮ ಅರಿಜೋನಾದ್ದೂ ಸೇರಿ, 21ಕ್ಕೆ ಎಫ್-1 ಆದರೆ ಫೀ ಏನಾಗುತ್ತದೆ ಅಂತ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಬರೆದು ಕೇಳಿ. ಫೋನಿನಲ್ಲಿ ಹೇಳಿದ್ದನ್ನು ನೆಚ್ಚಬೇಡಿ, ಉತ್ತರ ಬರಹದಲ್ಲಿರಲಿ.

ಆಸ್ಟಿನ್_ಶಿವಮೊಗ್ಗ:
ಇನ್‌ಸ್ಟೇಟ್ ಆಗದೆಯೂ ಫೀ ಇಳಿಸಿಕೊಳ್ಳುವ ದಾರಿಗಳಿವೆ ಮೇಡಂ, ಅದನ್ನೂ ನೋಡಿ. ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಕನಿಷ್ಠ 1,000 ಡಾಲರ್‌ನ ಸ್ಪರ್ಧೆಯ ಸ್ಕಾಲರ್‌ಶಿಪ್ ಗೆದ್ದರೆ, ಹೊರಗಿನವರಾದರೂ ಆ ವರ್ಷ ಟೆಕ್ಸಾಸ್ ಮಕ್ಕಳ ಫೀಯನ್ನೇ ಹಾಕುವ ಅವಕಾಶ ಕಾನೂನಿನಲ್ಲಿದೆ. ನಾನು ಎಫ್-1ನಲ್ಲಿ ಎಂಎಸ್ ಮುಗಿಸಿದ್ದು ಇದರಿಂದಲೇ. ಎಷ್ಟು ಜನಕ್ಕೆ ಕೊಡಬಹುದು ಅನ್ನುವುದಕ್ಕೆ ಮಿತಿ ಇದೆ, ಹಾಗಾಗಿ ಬೇಗ ಅರ್ಜಿ ಹಾಕಬೇಕು.

ನಿಮಗೆ ಹತ್ತಿರದ್ದು ಅಂದರೆ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್, ಪಶ್ಚಿಮದ ರಾಜ್ಯಗಳು ಫೀ ಕಡಿಮೆ ಮಾಡಲು ಮಾಡಿಕೊಂಡ ಒಪ್ಪಂದ. ಅರಿಜೋನಾ, ಕ್ಯಾಲಿಫೋರ್ನಿಯಾ ಎರಡೂ ಅದರಲ್ಲಿವೆ. ಸೇರಿರುವ ಕಾಲೇಜುಗಳು ಅದರಲ್ಲಿರುವ ಬೇರೆ ರಾಜ್ಯಗಳ ಮಕ್ಕಳಿಂದ ಇನ್‌ಸ್ಟೇಟ್ ಫೀಯ ಒಂದೂವರೆ ಪಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕ್ಯಾಲ್ ಸ್ಟೇಟ್‌ನ (ಕ್ಯಾಲಿಫೋರ್ನಿಯಾದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ) ಕೆಲವು ಕ್ಯಾಂಪಸ್ ಇವೆ. ಎಲ್ಲ ಕೋರ್ಸಿಗೂ ಇರುವುದಿಲ್ಲ, ಎಚ್-4 ಮಕ್ಕಳ ವಿಷಯದಲ್ಲೂ ಕಾಲೇಜಿಂದ ಕಾಲೇಜಿಗೆ ನಿಯಮ ಬೇರೆ.

ಚಾಂಡ್ಲರ್_ಅಮ್ಮ:
ನಿಮಗೆಲ್ಲ ತುಂಬಾ ಧನ್ಯವಾದ. ನಿನ್ನೆ ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿದೆ. ಅತ್ತಳು. ನಾನು ಓದುವ ಕಾಲದಲ್ಲಿ ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವ ನಿಯಮ ಇತ್ತು, ಮುಂಬೈನಲ್ಲಿ ಬೆಳೆದ ನನ್ನ ಚಿಕ್ಕಪ್ಪನ ಮಗನಿಗೆ ಅದರಿಂದಲೇ ಸೀಟು ತಪ್ಪಿತ್ತು. ಆಗ ಅವನ ಸಂಕಟ ನನಗೆ ಅರ್ಥವಾಗಿರಲಿಲ್ಲ, ಈಗ ಆಯಿತು. ಇಲ್ಲಿಯ ಒಂದು ಕಾಲೇಜು ಅವಳನ್ನು ಇನ್‌ಸ್ಟೇಟ್ ಅಂತ ಒಪ್ಪಿಕೊಂಡಿದೆ. ಕುಂದಾಪುರದ ತಮ್ಮ ಹೇಳಿದ ಪ್ರಶ್ನೆಯನ್ನು ಅವರಿಗೆ ಇವತ್ತೇ ಇಮೇಲ್ ಮಾಡಿದ್ದೇವೆ. ಡಿಗ್ರಿ ಇಲ್ಲಿ ಮುಗಿಸಿ ಮಾಸ್ಟರ್ಸ್‌ಗೆ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಆ 24 ವರ್ಷದ ನಿಯಮ ಆಗಲೂ ಇರುತ್ತಾ?

ಹಾಸನ_ಟು_ಫ್ರೀಮಾಂಟ್:
ಇಲ್ಲ ಮೇಡಂ, ಡಿಗ್ರಿ ಮುಗಿಸಿ ಬಂದವರನ್ನು ಸಾಮಾನ್ಯವಾಗಿ ಸ್ವಂತ ಕಾಲ ಮೇಲೆ ನಿಂತವರು ಅಂತ ಎಣಿಸುತ್ತಾರೆ. 366 ದಿನ ಮತ್ತು ನೆಲೆಸುವ ಉದ್ದೇಶ ಆಗಲೂ ಬೇಕು. ಆದರೆ ಅಷ್ಟರಲ್ಲಿ ಅವಳು ಎಫ್-1 ಆಗಿದ್ದರೆ ಆ ದಾರಿ ಇರುವುದಿಲ್ಲ. ಅರಿಜೋನಾ ಕಾಲೇಜಿನ ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಎಚ್-4 ಮಕ್ಕಳಿರುವ ಇನ್ನೂ ಎಷ್ಟೋ ಮನೆಯವರಿಗೆ ಬೇಕಾಗುತ್ತದೆ.