ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ: ನಮ್ಮ ಹೊಲದಲ್ಲಿ ಇದನ್ನು ನಿಲ್ಲಿಸುವುದು ಹೇಗೆ?

ಪ್ರಶ್ನೆ: ಮದ್ದೂರು ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ತಂದೆಯವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಎರಡೂವರೆ ಎಕರೆ ನೀರಾವರಿ ಜಮೀನು ಬಂದಿದೆ. ಮೂರು ವರ್ಷಗಳಿಂದ ನಾನೇ ಮುಂದೆ ನಿಂತು ಭತ್ತ, ಕಬ್ಬು ಬೆಳೆಸುತ್ತಿದ್ದೇನೆ. ನಮ್ಮೂರಿನಲ್ಲಿ ಈಗ ಗಂಡಾಳಿಗೆ ದಿನಕ್ಕೆ 700 ರೂಪಾಯಿ, ಹೆಣ್ಣಾಳಿಗೆ 400 ರೂಪಾಯಿ ನಡೆಯುತ್ತಿದೆ.

ಕಳೆದ ತಿಂಗಳು ಕಬ್ಬಿನ ಸಾಲಿಗೆ ಗೊಬ್ಬರ ಹಾಕಿ ಮಣ್ಣು ಮುಚ್ಚುವ ಕೆಲಸಕ್ಕೆ ಇಬ್ಬರು ಗಂಡಸರೂ ನಾಲ್ವರು ಹೆಂಗಸರೂ ಬಂದಿದ್ದರು. ಅಂದು ಎಲ್ಲರೂ ಒಂದೇ ಹೊತ್ತಿಗೆ ಬಂದರು, ಒಂದೇ ಸಾಲಿನಲ್ಲಿ ಜೊತೆಜೊತೆಗೆ ಸಾಗಿದರು, ಒಟ್ಟಿಗೇ ಕೆಲಸ ಮುಗಿಸಿದರು. ಸಂಜೆ ಹಣ ಎಣಿಸಿ ಕೊಡುವಾಗ, ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಹಿರಿಯಾಕೆಯೊಬ್ಬರ ಕೈಗೆ 400 ರೂಪಾಯಿ ಇಡಲು ನನಗೆ ಬಹಳ ಸಂಕಟವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ್ದರಿಂದಲೇ ತಮ್ಮನಷ್ಟು ಜಮೀನು ಪಡೆದ ನಾನು, ಅದೇ ಜಮೀನಿನಲ್ಲಿ ದುಡಿದ ಹೆಂಗಸಿಗೆ ಕಡಿಮೆ ಕೊಡುವುದು ಹೇಗೆ ಸರಿ?

ಪಕ್ಕದ ಹೊಲದವರಲ್ಲಿ ಈ ಮಾತೆತ್ತಿದಾಗ "ಊರ ಕೂಲಿ ಕೆಡಿಸಬೇಡವ್ವ" ಎಂದರು. ಈ ವ್ಯತ್ಯಾಸಕ್ಕೆ ನಿಜವಾದ ಕಾರಣವೇನಾದರೂ ಇದೆಯೇ? ಕಾನೂನು ಏನು ಹೇಳುತ್ತದೆ? ಸಮಾನ ಕೂಲಿ ಕೊಟ್ಟು ನಡೆಸಿದವರು ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ತುರುವೇಕೆರೆಯ ರೈತರು

ತಾಯಿ, ನಿಮ್ಮ ಮನಸ್ಸು ದೊಡ್ಡದು. ಆದರೆ ಬೇಸಾಯಗಾರನ ಕಷ್ಟವನ್ನೂ ಒಂದಿಷ್ಟು ಹೇಳಬೇಕಾಗಿದೆ. ನಮ್ಮ ಕಡೆ ಗಂಡಾಳು ಬೆಳಿಗ್ಗೆ ಎಂಟಕ್ಕೆಲ್ಲ ಹೊಲದಲ್ಲಿರುತ್ತಾನೆ. ಹೆಣ್ಣಾಳುಗಳು ಹತ್ತಕ್ಕೆ ಬಂದು ಐದಕ್ಕೆ ಹೊರಡುತ್ತಾರೆ. ಬದು ಕಡಿಯುವುದು, ಮೂಟೆ ಹೊರುವುದು, ರಾತ್ರಿ ಕರೆಂಟು ಬಂದಾಗ ಎದ್ದುಹೋಗಿ ನೀರು ಕಟ್ಟುವುದು ಗಂಡಾಳಿನ ಪಾಲಿಗೇ ಬರುತ್ತವೆ. ರಾಗಿಯ ಧಾರಣೆ ನಮ್ಮ ಕೈಯಲ್ಲಿಲ್ಲ, ಗೊಬ್ಬರದ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಕೂಲಿಯೊಂದನ್ನೇ ಹಿಡಿದಿಡಲು ಸಾಧ್ಯ ಎಂದು ಸಣ್ಣ ರೈತ ನೋಡುತ್ತಾನೆ. ಅದು ನ್ಯಾಯವೆಂದು ನಾನು ಹೇಳುತ್ತಿಲ್ಲ. ನೀವು ವಿವರಿಸಿದಂತೆ ಒಂದೇ ಹೊತ್ತು ಒಂದೇ ಕೆಲಸ ಮಾಡಿದ ದಿನ ಕಡಿಮೆ ಕೊಡಲು ನನಗೂ ಕಾರಣ ತೋಚುತ್ತಿಲ್ಲ.

ಉತ್ತರ: ದಾವಣಗೆರೆಯ ಶಿಕ್ಷಕಿ

ಭದ್ರಾ ನಾಲೆಯ ಬಯಲಿನಲ್ಲಿ ನಾಟಿ ಹಚ್ಚಿ ನನ್ನನ್ನು ಓದಿಸಿದ ತಾಯಿಯ ಮಗಳು ನಾನು. ಆದ್ದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ಮೇಲಿನ ಹಿರಿಯರು ಹೊತ್ತಿನ ಮಾತು ಹೇಳಿದರು. ಎಂಟರಿಂದ ಐದರವರೆಗೆ ಒಂಬತ್ತು ಗಂಟೆಗೆ 700 ರೂಪಾಯಿ ಎಂದರೆ ಗಂಟೆಗೆ ಸುಮಾರು 78 ರೂಪಾಯಿ. ಹತ್ತರಿಂದ ಐದರವರೆಗೆ ಏಳು ಗಂಟೆಗೆ 400 ರೂಪಾಯಿ ಎಂದರೆ ಗಂಟೆಗೆ 57. ಹೊತ್ತಿನ ಲೆಕ್ಕ ಹಾಕಿದರೂ ಅಂತರ ಅಳಿಯುವುದಿಲ್ಲ. ಇನ್ನು ಹೆಂಗಸರು ಹತ್ತಕ್ಕೆ ಏಕೆ ಬರುತ್ತಾರೆ ಎಂಬುದನ್ನೂ ಕೇಳಬೇಕು. ನನ್ನ ತಾಯಿ ನಾಲ್ಕೂವರೆಗೆ ಏಳುತ್ತಿದ್ದರು. ನೀರು ತಂದು, ದನದ ಕೊಟ್ಟಿಗೆ ಬಳಿದು, ರೊಟ್ಟಿ ಬಡಿದು, ನಮ್ಮನ್ನು ಶಾಲೆಗೆ ಕಳಿಸಿ, ಬುತ್ತಿ ಕಟ್ಟಿಕೊಂಡು ಹೊರಡುವಾಗ ಅವರ ಅರ್ಧ ದಿನದ ದುಡಿಮೆ ಮುಗಿದಿರುತ್ತಿತ್ತು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಮನೆಯಲ್ಲಿ ಬಿಟ್ಟಿಯಾಗಿ ದುಡಿದದ್ದೇ ಹೊಲದಲ್ಲಿ ಕೂಲಿ ಕಡಿತಕ್ಕೆ ಕಾರಣವಾಗುತ್ತಿದೆ.

ಹೆಣ್ಣಾಳಿಗೆ ಶಕ್ತಿ ಸಾಲದು ಎನ್ನುವವರು ಕೆಸರಿನಲ್ಲಿ ಮೊಣಕಾಲುದ್ದ ಇಳಿದು, ಇಡೀ ದಿನ ಬಗ್ಗಿಕೊಂಡು, ಹಿಂದೆ ಹಿಂದೆ ಸರಿಯುತ್ತಾ ನಾಟಿ ಮಾಡಿ ನೋಡಲಿ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅಮ್ಮನ ಕಾಲ್ಬೆರಳ ಸಂದುಗಳು ಕೊಳೆತುಹೋಗಿರುತ್ತಿದ್ದವು. ಶಕ್ತಿಯ ವಾದ ನಿಜವಾಗಿದ್ದರೆ ಯಂತ್ರ ಬಂದ ಕೂಡಲೇ ಕೂಲಿ ಇಳಿಯಬೇಕಿತ್ತು. ಆದದ್ದು ಬೇರೆ. ಕುಡುಗೋಲಿನಿಂದ ಕೂತು ಕಳೆ ಕೀಳುವುದು ಹೆಣ್ಣಾಳಿನ ಕೆಲಸ. ಅದೇ ಕಳೆಯನ್ನು ಪೆಟ್ರೋಲ್ ಯಂತ್ರದಿಂದ ಕತ್ತರಿಸುವುದು ಗಂಡಾಳಿನ ಕೆಲಸ, ಅದಕ್ಕೆ ಕೂಲಿಯೂ ಹೆಚ್ಚು. ನಾಟಿ ಯಂತ್ರ ಬಂದ ಗದ್ದೆಗಳಲ್ಲೂ ಅದರ ಮೇಲೆ ಕೂತವನು ಗಂಡಸೇ, ಕೆಲಸ ಕಳೆದುಕೊಂಡವರು ಹೆಂಗಸರು. ಮೈ ಬಗ್ಗಿಸುವ ಕೆಲಸ ನಮಗೆ, ಯಂತ್ರ ಅವರಿಗೆ ಎಂಬ ಹಂಚಿಕೆಯನ್ನು ಮೊದಲು ಮಾಡಿಕೊಂಡು ಆಮೇಲೆ ದರ ಕಟ್ಟಲಾಗಿದೆ.

ನಿಮಗೆ ಉಪಯೋಗವಾಗುವ ಇನ್ನೊಂದು ಸಂಗತಿಯಿದೆ. ನಮ್ಮ ಕಡೆ ಹೆಂಗಸರ ಗುಂಪುಗಳು ನಾಟಿಯನ್ನು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುತ್ತವೆ. ಆಗ ಯಾರೂ ಹೆಣ್ಣಾಳಿನ ದರ ಕೇಳುವುದಿಲ್ಲ. ಗದ್ದೆಯ ಅಳತೆಗೆ ಹಣ ಬರುತ್ತದೆ, ಗುಂಪು ಸಮನಾಗಿ ಹಂಚಿಕೊಳ್ಳುತ್ತದೆ. ದಿನಗೂಲಿಗಿಂತ ಕೈಗೆ ಹೆಚ್ಚು ಸಿಗುತ್ತದೆಂದು ಅಮ್ಮ ಗುತ್ತಿಗೆಯನ್ನೇ ಬಯಸುತ್ತಿದ್ದರು.

ಉತ್ತರ: ಮೈಸೂರಿನಿಂದ, ಕಾರ್ಮಿಕ ಇಲಾಖೆಯ ನಿವೃತ್ತ ಅಧಿಕಾರಿ

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಸಂವಿಧಾನದ 39ನೆಯ ವಿಧಿಯಲ್ಲಿದೆ. 1976ರ ಸಮಾನ ವೇತನ ಕಾಯ್ದೆಯು, ಒಂದೇ ಕೆಲಸಕ್ಕೆ ಅಥವಾ ಒಂದೇ ಸ್ವರೂಪದ ಕೆಲಸಕ್ಕೆ ಹೆಣ್ಣು ಗಂಡೆಂಬ ಕಾರಣದಿಂದ ಕಡಿಮೆ ಕೊಡಕೂಡದೆಂದು ವಿಧಿಸಿತು. 2019ರ ವೇತನ ಸಂಹಿತೆಯಲ್ಲೂ ಈ ನಿಷೇಧ ಮುಂದುವರಿದಿದೆ. "ಒಂದೇ ಸ್ವರೂಪದ" ಎಂಬ ಮಾತು ಬಹಳ ಮುಖ್ಯವಾದದ್ದು. ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ, ಸಣ್ಣಪುಟ್ಟ ವ್ಯತ್ಯಾಸ ಹುಡುಕಿ ಕಡಿಮೆ ಸಂಬಳವನ್ನು ಸಮರ್ಥಿಸಲಾಗದು, ಕೆಲಸವನ್ನು ಒಟ್ಟಾರೆಯಾಗಿ ನೋಡಬೇಕು ಎಂದು ಸ್ಪಷ್ಟಪಡಿಸಿತು. ಕಂಪನಿಯ ನಷ್ಟದ ನೆಪವನ್ನೂ ಒಪ್ಪಲಿಲ್ಲ.

1976ರ ಕಾಯ್ದೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು: ಸಮಾನಗೊಳಿಸುವ ಹೆಸರಿನಲ್ಲಿ ಯಾರ ವೇತನವನ್ನೂ ಇಳಿಸುವಂತಿಲ್ಲ. ಗಂಡಾಳಿಗೆ 700ರಿಂದ 550ಕ್ಕೆ ತಂದು ಸರಿದೂಗಿಸುವ ಯೋಚನೆಯನ್ನು ನೀವು ಮಾಡಬೇಡಿ. ಸೇವೆಯಲ್ಲಿದ್ದಾಗ ನಾನು ಕಂಡಂತೆ, ಕಾರ್ಖಾನೆಯಲ್ಲಿ ಹಾಜರಿ ಪುಸ್ತಕವಿರುತ್ತದೆ, ತಪಾಸಣೆ ಸಾಧ್ಯ. ಹೊಲದಲ್ಲಿ ಬರಹವೇ ಇರುವುದಿಲ್ಲ, ದೂರು ಕೊಟ್ಟ ಹೆಂಗಸಿಗೆ ಮರುದಿನ ಕರೆ ಬರುವುದಿಲ್ಲ. ಹಾಗಾಗಿ ಕಾಯ್ದೆ ಹೊಲದ ಬದು ದಾಟಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಗಂಡಸರಿಗೂ ಹೆಂಗಸರಿಗೂ ಒಂದೇ ದರ ನಿಗದಿಯಾದಾಗ, ಕೆರೆ ಹೂಳೆತ್ತಿದ ಅನೇಕ ಹೆಂಗಸರು ಗಂಡನಷ್ಟೇ ಕೂಲಿಯನ್ನು ಮೊದಲ ಬಾರಿಗೆ ಕಂಡರು.

ಉತ್ತರ: ಅಥಣಿಯಿಂದ

ನಮ್ಮ ಭಾಗಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವವರಲ್ಲಿ ಗಂಡಹೆಂಡತಿ ಸೇರಿ ಒಂದು "ಕೊಯ್ತಾ", ಅಂದರೆ ಕೂಲಿಯ ಲೆಕ್ಕಕ್ಕೆ ಇಬ್ಬರೂ ಸೇರಿ ಒಂದೇ ಆಳು. ಮುಂಗಡವನ್ನು ಮುಕಾದಮ, ಅಂದರೆ ಆಳುಗಳನ್ನು ಕರೆತರುವ ಮೇಸ್ತ್ರಿ, ಗಂಡನ ಕೈಗೇ ಕೊಡುತ್ತಾನೆ. ಹೆಂಡತಿ ಕಡಿದ ಕಬ್ಬಿಗೆ ಪ್ರತ್ಯೇಕ ಲೆಕ್ಕವೇ ಇಲ್ಲ. ಗುತ್ತಿಗೆ ಕೊಡುವುದಾದರೆ ಹಣ ಯಾರ ಕೈಗೆ ಹೋಗುತ್ತದೆಂದು ಮೊದಲು ನೋಡಿ, ಅಕ್ಕಾ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿಯಾಗಿದ್ದೇನೆ. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಇಬ್ಬರಿಗೂ ಗಂಟೆಗೆ 80 ರೂಪಾಯಿಯಂತೆ ಕೊಟ್ಟರೆ, ಒಂಬತ್ತು ಗಂಟೆಗೆ 720, ಹತ್ತಕ್ಕೆ ಬರುವವರಿಗೆ 560 ಆಗುತ್ತದೆ. ಯಾರ ಕೂಲಿಯೂ ಇಳಿಯುವುದಿಲ್ಲ. ನಾಟಿಯನ್ನು ಹೆಂಗಸರ ಗುಂಪಿಗೇ ಎಕರೆ ಲೆಕ್ಕದಲ್ಲಿ ಕೊಟ್ಟು, ಹಣವನ್ನು ಒಬ್ಬೊಬ್ಬರ ಕೈಗೂ ನಾನೇ ಕೊಡುತ್ತೇನೆ. ಒಂದು ನೋಟ್‌ಬುಕ್ ತಂದು ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆಯಲು ಆರಂಭಿಸಿದ್ದೇನೆ. ನನಗೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಹೆಚ್ಚು ಖರ್ಚಾಗಬಹುದು, ಅದನ್ನು ತಾಳಿಕೊಳ್ಳಬಲ್ಲೆ.

ದಾವಣಗೆರೆಯ ಶಿಕ್ಷಕಿಯವರಲ್ಲಿ ಒಂದು ವಿನಂತಿ: ಕಳೆ ಕತ್ತರಿಸುವ ಯಂತ್ರವನ್ನು ನಡೆಸಲು ನಮ್ಮೂರಿನ ಇಬ್ಬರು ಹೆಣ್ಣುಮಕ್ಕಳು ಕಲಿಯಲು ಸಿದ್ಧರಿದ್ದಾರೆ. ನಿಮ್ಮ ಕಡೆ ಅದನ್ನು ನಡೆಸುವ ಹೆಂಗಸರಿದ್ದರೆ, ಹಂಗಾಮು ಶುರುವಾಗುವ ಮೊದಲು ಅವರೊಂದಿಗೆ ಮಾತನಾಡಿಸಲು ಸಾಧ್ಯವೇ?