ಹಳೆ ಮುರಕಲ್ಲಿನ ಗೋಡೆ, ಒಳಬದಿಯಲ್ಲಿ ಪಸೆ: ನೀರು ಎಲ್ಲಿಂದ ಅಂತ ಪತ್ತೆ ಹೇಗೆ?

ಹಂಚಿನಮನೆ: ಕುಂದಾಪುರದ ಹತ್ತಿರ 60 ವರ್ಷದ ಮನೆ. ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಮಣ್ಣಿನಲ್ಲಿ ಕಟ್ಟಿದ್ದು, ಹಂಚಿನ ಮಾಡು. 8 ವರ್ಷದ ಹಿಂದೆ ಸುಣ್ಣದ ಸಾರಣೆ ಕೆತ್ತಿಸಿ ಎರಡೂ ಬದಿಗೆ ಸಿಮೆಂಟ್ ಸಾರಣೆ, ಒಳಗೆ ಪುಟ್ಟಿ, ಎಮಲ್ಷನ್. 2 ವರ್ಷದ ಹಿಂದೆ ಅಂಗಳಕ್ಕೆ ಇಂಟರ್‌ಲಾಕ್. ಈಗ ಚಾವಡಿಯ ಪಶ್ಚಿಮ ಗೋಡೆಯಲ್ಲಿ ನೆಲದಿಂದ ಎರಡೂವರೆ ಅಡಿವರೆಗೆ ಬಣ್ಣ ಉಬ್ಬಿ ಬಿಳಿ ಹುಡಿ ಉದುರುತ್ತಿದೆ. ಮಳೆ ನಿಂತು ಎರಡು ತಿಂಗಳಾದರೂ ಆರಿಲ್ಲ. ಬಚ್ಚಲಿನ ಹಿಂದಿನ ಗೋಡೆಯಲ್ಲಿ ನಾಲ್ಕಡಿ ಎತ್ತರಕ್ಕೆ ತಟ್ಟೆಯಗಲದ ಇನ್ನೊಂದು ಕಲೆ. ಡ್ಯಾಂಪ್‌ಪ್ರೂಫ್ ಎರಡು ಕೋಟ್ ಸಾಕು ಅನ್ನುತ್ತಾರೆ ಪೇಂಟರ್. ಹೊಡೆಸಲೇ?

ಗಾರೆಕೆಲಸ: ಬೇಡ ಮಾರಾಯ್ರೆ. ಒಳಗಿನಿಂದ ಮುಚ್ಚಿದರೆ ಪಸೆ ಮೂರೂವರೆ ಅಡಿಗೆ ಏರುತ್ತದೆ, ಅಷ್ಟೆ. ಎರಡು ಕಲೆಗೂ ಕಾರಣ ಬೇರೆ ಬೇರೆ ಇರಬೇಕು.

ಬಚ್ಚಲಿನದ್ದು ಸುಲಭ. ರಾತ್ರಿ ಪಂಪ್, ನಳ್ಳಿ ಎಲ್ಲ ಬಂದ್ ಮಾಡಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಪೈಪ್ ಸೋರುತ್ತಿದೆ; ಗೋಡೆಯೊಳಗಿನ ಹಳೆ ಜಿಐ (ಕಬ್ಬಿಣದ) ಪೈಪಾದರೆ ಮೊದಲು ಎಲ್ಬೋ (ಪೈಪ್ ತಿರುಗುವಲ್ಲಿನ ಜೋಡಣೆ) ನೋಡಿ. ಇಳಿಯದಿದ್ದರೆ ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು ನಾಲ್ಕೈದು ದಿನ ಆ ಬಚ್ಚಲು ಬಳಸಬೇಡಿ. ಕಲೆ ಗೆರೆಯಿಂದ ಒಳಗೆ ಸರಿದರೆ ಟೈಲ್ಸ್ ಸಂದಿಯ ನೀರು.

ಸುಣ್ಣದಗೂಡು: ಚಾವಡಿ ಗೋಡೆಗೆ ಮಾಯಿಶ್ಚರ್ ಮೀಟರ್ (ತೇವ ಅಳೆಯುವ ಉಪಕರಣ) ಚುಚ್ಚಿ ಮೋಸ ಹೋಗಬೇಡಿ. ಆ ಬಿಳಿ ಹುಡಿ ಉಪ್ಪು; ಉಪ್ಪಿದ್ದಲ್ಲಿ ಮೀಟರ್ ಸುಮ್ಮನೆ ಜಾಸ್ತಿ ತೋರಿಸುತ್ತದೆ. ಗೋಡೆ ಕೊರೆದು ಬರುವ ಹುಡಿ ತೂಗುವುದೇ ಸರಿ. ಅರ್ಧ, ಎರಡು, ನಾಲ್ಕು ಅಡಿ ಎತ್ತರದಲ್ಲಿ 8 ಎಂಎಂ ಬಿಟ್ ಹಾಕಿ ಡ್ರಿಲ್ ನಿಧಾನಕ್ಕೆ ಓಡಿಸಿ. ಬಿಟ್ ಬಿಸಿಯಾದರೆ ಹುಡಿಯ ನೀರು ಅಲ್ಲೇ ಆರಿ ಲೆಕ್ಕ ತಪ್ಪುತ್ತದೆ. ಸಾರಣೆಯ ಹುಡಿ ಬಿಟ್ಟು, 5ರಿಂದ 8 ಸೆಂ.ಮೀ. ಆಳದ್ದು ಮಾತ್ರ ಹಿಡಿದು ಕೂಡಲೇ ಡಬ್ಬಿ ಮುಚ್ಚಿ. 10 ಗ್ರಾಂ ಆಗಲು ಪಕ್ಕ ಪಕ್ಕ ಮೂರು-ನಾಲ್ಕು ತೂತು ಬೇಕಾದೀತು. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. ಅರ್ಧ ಗ್ರಾಂ ಹೋದರೆ ಶೇ. 5 ತೇವ. ಕೆಳಗೆ ಜಾಸ್ತಿ, ಮೇಲೆ ಹೋದಂತೆ ಕಡಿಮೆ ಬಂದರೆ ನೆಲದ ಪಸೆ. ನಾಲ್ಕಡಿಯಲ್ಲೇ ಜಾಸ್ತಿ ಬಂದರೆ ಮಾಡು, ಕಿಟಕಿ, ಹೊರಗಿನ ಬಿರುಕು ನೋಡಿ.

ಬಿಳಿ ಹುಡಿಯನ್ನು ಒಣ ಬ್ರಷ್‌ನಲ್ಲೇ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಗಾರೆಕೆಲಸ: ಇಂಟರ್‌ಲಾಕ್ ಮಟ್ಟ ಒಳನೆಲಕ್ಕಿಂತ ಎಷ್ಟು ಕೆಳಗಿದೆ? ಒಂದು ಚೊಂಬು ನೀರು ಸುರಿದು ಯಾವ ಕಡೆ ಹರಿಯುತ್ತದೆ ನೋಡಿ.

ಹಂಚಿನಮನೆ: ತೂಗಿದೆ. ಕೆಳಗಿನಿಂದ ಮೇಲಕ್ಕೆ ಶೇ. 9, 6, 2. ಇಂಟರ್‌ಲಾಕ್ ಒಳನೆಲಕ್ಕಿಂತ ಎರಡೇ ಇಂಚು ಕೆಳಗೆ, ನೀರು ಗೋಡೆ ಕಡೆಗೇ ಬರುತ್ತದೆ. ಬಚ್ಚಲಿನದ್ದು ಪೈಪ್, ಸಿಕ್ಕಿತು. ಚಾವಡಿ ಗೋಡೆಗೆ ತೂತು ಕೊರೆದು, ಪಸೆ ಮೇಲೇರದಂತೆ ಕೆಮಿಕಲ್ ಇಂಜೆಕ್ಷನ್ ಮಾಡಿಸಬಹುದೇ?

ಸುಣ್ಣದಗೂಡು: ಮುರಕಲ್ಲಿನ ಮೈತುಂಬ ತೂತು, ನಡುವೆ ಮಣ್ಣು. ಕೆಮಿಕಲ್ ಒಂದೇ ಸಮ ಹರಡುವುದಿಲ್ಲ. ಗೋಡೆಯುದ್ದಕ್ಕೂ ಎರಡು ಅಡಿ ಅಗಲ ಇಂಟರ್‌ಲಾಕ್ ಕಿತ್ತು, ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗೆ ತನ್ನಿ, ಇಳಿಜಾರು ಹೊರಕ್ಕೆ ಕೊಡಿ. ಪಂಚಾಂಗದ (ಅಡಿಪಾಯದ) ಬುಡ ಮಾತ್ರ ಅಗೆಯಬೇಡಿ. ಆಮೇಲೆ ಕಲೆಗಿಂತ ಒಂದಡಿ ಮೇಲಿನವರೆಗೆ ಎರಡೂ ಬದಿಯ ಸಿಮೆಂಟ್ ಸಾರಣೆ ಕೆತ್ತಿಸಿ.

ಗೋಡೆ ಆರಲು ಇಂಚಿಗೊಂದು ತಿಂಗಳು ಅನ್ನುವುದು ಹಳೆ ಲೆಕ್ಕ. 9 ಇಂಚಿನ ಗೋಡೆ, ಈಗ ಕೆತ್ತಿದರೂ ಜೂನ್‌ಗೆ ಪೂರ್ತಿ ಆರಲಿಕ್ಕಿಲ್ಲ. ಮೇ ಮೊದಲು 1:3 ಸುಣ್ಣ-ಹೊಯ್ಗೆ ಸಾರಣೆ ಕೊಡಿ, ಮೊದಲ ಪದರ 12 ಎಂಎಂ, ಅದು ಗಟ್ಟಿಯಾದ ಮೇಲೆ 6. ಅಳಿವೆಯ ಹೊಯ್ಗೆ ಬೇಡ, ಅದರಲ್ಲೇ ಉಪ್ಪಿರುತ್ತದೆ. ಮೇಲೆ ಸುಣ್ಣವೇ ಬಳಿಯಿರಿ. ಒಂದೆರಡು ವರ್ಷದಲ್ಲಿ ಈ ಸಾರಣೆಯೂ ಉಪ್ಪು ಹೀರಿ ಉದುರಬಹುದು; ಆಗ ಅಷ್ಟು ಭಾಗ ಕೆತ್ತಿ ಮತ್ತೊಮ್ಮೆ ಹಾಕಿ, ಸಿಮೆಂಟ್‌ಗೆ ಹೋಗಬೇಡಿ.