ಭವಿಷ್ಯ ನುಡಿಯುವ ಥ್ರಿಲ್ಲರ್‌ಗಳು ಅರ್ಧದಲ್ಲೇ ಸೊರಗುವುದೇಕೆ?

ತೆರೆಹಿಂದೆ:
ಕಡಿಮೆ ಬಜೆಟ್ಟಿನ ಅತಿಮಾನುಷ ಥ್ರಿಲ್ಲರ್‌ಗಳಲ್ಲಿ ಒಂದೇ ಜಾಡು ಮತ್ತೆ ಮತ್ತೆ ಕಾಣುತ್ತದೆ. ನಾಲ್ಕೈದು ಗೆಳೆಯರು ಟ್ಯಾರೋ (ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳ ಕಟ್ಟು) ಓದುವವಳ ಬಳಿ ಹೋಗುತ್ತಾರೆ, ಅವಳು ಒಬ್ಬೊಬ್ಬರಿಗೂ ಒಂದೊಂದು ಕೇಡು ನುಡಿಯುತ್ತಾಳೆ, ಅವು ಸಾಲಾಗಿ ನಿಜವಾಗುತ್ತವೆ. ಮೊದಲ ಅರ್ಧ ಗಂಟೆ ಹಿಡಿದು ಕೂರಿಸುತ್ತದೆ, ಎರಡನೇ ಸಾವಿನ ಹೊತ್ತಿಗೆ ಆಸಕ್ತಿ ಇಳಿದಿರುತ್ತದೆ. ಇದಕ್ಕೆ ದುಡ್ಡಿಲ್ಲದ್ದೇ ಕಾರಣವೇ? ಇಂಥದ್ದನ್ನು ಬರೆಯುವವರು, ತೆಗೆಯುವವರು ಮೊದಲು ಏನನ್ನು ಸರಿಪಡಿಸಬೇಕು?

ಎಳೆಬಿಡಿಸು:
ದುಡ್ಡಿನ ಮಾತು ಆಮೇಲೆ. ಮೊದಲು ಭವಿಷ್ಯವಾಣಿಯ ಪದಗಳನ್ನು ನೋಡಿ. ‘ಕತ್ತಲು ನಿನ್ನನ್ನು ನುಂಗುತ್ತದೆ’ ಎಂದರೆ ಯಾವ ಸಾವಾದರೂ ಅದಕ್ಕೆ ಹೊಂದಿಬಿಡುತ್ತದೆ, ನೋಡುವವರಿಗೆ ಊಹಿಸಲು ಏನೂ ಸಿಗುವುದಿಲ್ಲ. ‘ಮಂಗಳವಾರ ಲಿಫ್ಟ್ ಬಿದ್ದು ಸಾಯುತ್ತೀಯ’ ಎಂದರೆ ಬರೀ ಕಾಯುವುದಷ್ಟೇ ಉಳಿಯುತ್ತದೆ. ಒಂದಂಶ ಗಟ್ಟಿಯಾಗಿರಬೇಕು, ಇನ್ನೊಂದು ಬಿಚ್ಚಿಕೊಂಡಿರಬೇಕು.

ಮಹಾಭಾರತದ ಪರೀಕ್ಷಿತ ರಾಜನ ಕಥೆಯಲ್ಲಿ ಈ ಲೆಕ್ಕ ಚೊಕ್ಕವಾಗಿದೆ. ಏಳನೆಯ ದಿನ ತಕ್ಷಕನೆಂಬ ಹಾವಿನಿಂದ ಸಾವು ಎಂಬುದು ಶಾಪ. ಗಡುವು ಗೊತ್ತು, ಕೊಲ್ಲುವವನೂ ಗೊತ್ತು. ಅವನು ಒಳಬರುವ ದಾರಿ ಮಾತ್ರ ಗೊತ್ತಿಲ್ಲ. ರಾಜ ಒಂಟಿಕಂಬದ ಅರಮನೆಯಲ್ಲಿ ಕಾವಲಿಟ್ಟುಕೊಂಡು ಕೂರುತ್ತಾನೆ, ಹಾವು ಹಣ್ಣಿನೊಳಗಿನ ಹುಳುವಾಗಿ ಬರುತ್ತದೆ. ಇದಕ್ಕಿಂತಲೂ ಹೆಚ್ಚು ಕಲಿಸುವುದು ಕಾಶ್ಯಪನ ಪ್ರಸಂಗ. ವಿಷ ಇಳಿಸಬಲ್ಲ ಆತ ರಾಜನನ್ನು ಉಳಿಸಲು ಹೊರಟಾಗ ತಕ್ಷಕ ದಾರಿಯಲ್ಲೇ ಧನ ಕೊಟ್ಟು ಹಿಂದಕ್ಕೆ ಕಳಿಸುತ್ತಾನೆ. ಅಲ್ಲಿ ವಿಧಿ ಒಬ್ಬನ ಆಯ್ಕೆಯ ಮೂಲಕ ಕೆಲಸ ಮಾಡುತ್ತದೆ. ಸೊರಗುವ ಚಿತ್ರಗಳಲ್ಲಿ ಇಲ್ಲದ್ದು ಇದೇ. ಪಾತ್ರಗಳು ಏನು ಮಾಡಿದರೂ, ಮಾಡದಿದ್ದರೂ ಮೇಲಿನ ಫ್ಯಾನ್ ಕಳಚಿ ಬೀಳುತ್ತದೆ.

ಪರೀಕ್ಷಿಸುವುದು ಸುಲಭ. ಭವಿಷ್ಯ ಹೇಳುವ ದೃಶ್ಯವನ್ನು ತೆಗೆದುಹಾಕಿ ಚಿತ್ರಕಥೆ ಓದಿ. ಎಲ್ಲ ಸಾವುಗಳೂ ಹಾಗೇ ನಡೆಯುವುದಾದರೆ ಆ ದೃಶ್ಯ ಬರೀ ಅಲಂಕಾರ. ಎರಡನೆಯ ಸಾವು ಮೊದಲನೆಯದರ ನಕಲಾಗಬಾರದು, ನಿಯಮದ ಬಗ್ಗೆ ಹೊಸದೊಂದು ವಿಷಯ ತಿಳಿಸಬೇಕು.

ನಾದಬಿಂದು:
ಬರವಣಿಗೆಯ ಬಗ್ಗೆ ಒಪ್ಪುತ್ತೇನೆ, ಆದರೆ ದುಡ್ಡಿನ ಕೊರತೆ ಮೊದಲು ಬಯಲಾಗುವುದು ಕಿವಿಗೆ. ಪ್ರತಿ ಲೊಕೇಶನ್ನಿನಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಕೋಣೆಯ ಖಾಲಿ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಪ್ರತಿ ಕಟ್‌ನಲ್ಲೂ ಹಿನ್ನೆಲೆ ಜಿಗಿಯುತ್ತದೆ. ಆ ಜಿಗಿತ ಮುಚ್ಚಲು ಸಂಕಲನದಲ್ಲಿ ಉದ್ದಕ್ಕೂ ಗುಂಯ್‌ಗುಡುವ ಸಂಗೀತ ತುಂಬುತ್ತಾರೆ. ಮೌನವೇ ಇಲ್ಲದ ಮೇಲೆ ದಿಢೀರ್ ಸದ್ದಿಗೆ ಬೆಚ್ಚುವವರು ಯಾರು?

ಬೆಳಕಿನಲ್ಲೂ ಇಂಥದ್ದೇ ಎಡವಟ್ಟು. ಬರೀ ಮೇಣದಬತ್ತಿ ನಂಬಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೆ ನೆರಳಿನಲ್ಲಿ ಕಾಳುಕಾಳು ಎದ್ದು ಕಾಣುತ್ತದೆ. ಬತ್ತಿ ಚೌಕಟ್ಟಿನೊಳಗೆ ಇರಲಿ, ಮುಖಕ್ಕೆ ಅದೇ ದಿಕ್ಕಿನಿಂದ ಮಂದಗೊಳಿಸಿದ ಬೆಚ್ಚನೆಯ ಸಣ್ಣ ದೀಪ ಕೊಡಿ. 50 ಹರ್ಟ್ಸ್ ವಿದ್ಯುತ್ತಿನ ಅಗ್ಗದ ಎಲ್‌ಇಡಿ ಇದ್ದಲ್ಲಿ ಶಟರ್ 1/50 ಅಥವಾ 1/100 ಸೆಕೆಂಡ್ ಇರಲಿ, ಬೇರೆಯಾದರೆ ಚಿತ್ರದಲ್ಲಿ ಪಟ್ಟೆ ಹರಿಯಬಹುದು. ಹಗಲಲ್ಲಿ ತೆಗೆದದ್ದನ್ನು ರಾತ್ರಿಯಂತೆ ತೋರಿಸುವುದಿದ್ದರೆ ಸೂರ್ಯ ಪಾತ್ರದ ಬೆನ್ನಿಗಿರಲಿ, ಚಿತ್ರಕ್ಕೆ ನೀಲಿ ಛಾಯೆ ಬರಲು ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್, ಎಕ್ಸ್‌ಪೋಷರ್ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಆಕಾಶ ಚೌಕಟ್ಟಿಗೆ ಬಂದರೆ ಗುಟ್ಟು ರಟ್ಟು.

ಎಲೆಗಟ್ಟು:
ಟ್ಯಾರೋ ಗೊತ್ತಿರುವವರಿಗೆ ಇಂಥ ಚಿತ್ರಗಳಲ್ಲಿ ತುಂಬ ನೋವಾಗುವುದು 13ನೆಯ ಎಲೆಯನ್ನು ಕಂಡಾಗ. ಸಾವಿನ ಎಲೆ ತೆಗೆದರೆ ಸಾವು ಎಂದೇ ತೋರಿಸುತ್ತಾರೆ. ಓದುವವರು ಸಾಮಾನ್ಯವಾಗಿ ಅದಕ್ಕೆ ಹೇಳುವ ಅರ್ಥ ಒಂದು ಘಟ್ಟ ಮುಗಿದು ಬದಲಾವಣೆ ಬರುವುದು. ಕಟ್ಟಿನಲ್ಲಿ 78 ಎಲೆಗಳಿವೆ, ಅದರಲ್ಲಿ ಹಿರಿಯ ಅರ್ಕಾನ ಎನ್ನುವ ಮುಖ್ಯ ಎಲೆಗಳು 22. ಕುಸಿಯುವ ಗೋಪುರ, ಹತ್ತು ಕತ್ತಿ ಬೆನ್ನಿಗೆ ಚುಚ್ಚಿಕೊಂಡು ಮಲಗಿದ ಮನುಷ್ಯ, ಕಣ್ಣು ಕಟ್ಟಿ ಕತ್ತಿಗಳ ನಡುವೆ ನಿಂತ ಹೆಣ್ಣು: ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ 1909ರ ಟ್ಯಾರೋ ಕಟ್ಟಿಗಾಗಿ ಬಿಡಿಸಿದ ಈ ಚಿತ್ರಗಳು ಪೈಸೆ ಖರ್ಚಿಲ್ಲದೆ ದೃಶ್ಯಕ್ಕೆ ಅಂಜಿಕೆ ತರುತ್ತವೆ.

ತಲೆಕೆಳಗಾದ ಎಲೆಗೆ ಹಲವರು ಬೇರೆ ಅರ್ಥ ಕೊಡುತ್ತಾರೆ, ಅದನ್ನು ಸಾಮಾನ್ಯವಾಗಿ ಓದುವವರ ಕಡೆಯಿಂದ ನೋಡಿ ತೀರ್ಮಾನಿಸುತ್ತಾರೆ. ಓದುವವರ ಎದುರು ಕುಳಿತವರ ಹೆಗಲ ಮೇಲಿನಿಂದ ಕ್ಯಾಮೆರಾ ತೋರಿಸಿದರೆ ನೇರ ಎಲೆಯೂ ತಲೆಕೆಳಗಾಗಿ ಕಾಣುತ್ತದೆ. ಪ್ರತಿ ಟೇಕ್‌ಗೂ ಮುನ್ನ ಮೇಜಿನ ಫೋಟೋ ತೆಗೆದಿಟ್ಟುಕೊಳ್ಳಿ, ಶಾಟ್ ನಡುವೆ ಎಲೆಗಳು ಜಾಗ ಬದಲಿಸುವುದು ಬಹು ಸಾಮಾನ್ಯ ತಪ್ಪು.

ಇನ್ನು ಎಲೆ ಓದುವವಳ ಪಾತ್ರ ಕಣ್ಣು ಮೇಲೆ ಮಾಡಿ ಗೊಗ್ಗರು ದನಿಯಲ್ಲಿ ಮಾತಾಡಬೇಕಿಲ್ಲ. ಪಳಗಿದವರು ಯಾರಿಗೂ ಹೊಂದುವ ಮಾತಿನಿಂದ ಶುರುಮಾಡಿ, ಎದುರಿನವರ ಉಸಿರು, ಕೈ, ಕಣ್ಣು ಗಮನಿಸಿ ಮುಂದಿನ ಮಾತನ್ನು ಕಿರಿದುಗೊಳಿಸುತ್ತಾರೆ. ನಟಿ ಇದನ್ನು ಮಾಡುವಾಗ ಅವಳ ನೋಟ ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದರೆ, ಶಕ್ತಿಯೋ ಚತುರತೆಯೋ ಎಂಬ ಅನುಮಾನ ಜೀವಂತವಾಗಿರುತ್ತದೆ.

ತೆರೆಹಿಂದೆ:
ಕೊನೆಯಲ್ಲಿ ‘ಎಲ್ಲ ಮಾಡಿಸಿದ್ದು ಆ ಭವಿಷ್ಯಗಾರ್ತಿಯೇ’ ಎನ್ನುವ ತಿರುವು?

ಎಳೆಬಿಡಿಸು:
ಆಗಬಹುದು, ಆದರೆ ಅಲ್ಲಿಗೆ ಅದು ಕೊಲೆಗಾರ್ತಿಯ ಕಥೆ. ಹಿಂದಿನ ಒಂದೊಂದು ಸಾವಿನಲ್ಲೂ ಅವಳು ಎಲ್ಲಿದ್ದಳು, ಹೇಗೆ ಮಾಡಿದಳು ಎಂಬುದಕ್ಕೆ ಉತ್ತರ ಬೇಕು. ಬಹಳಷ್ಟು ಚಿತ್ರಗಳು ತಿರುವನ್ನು ಇಟ್ಟುಕೊಂಡು ಆ ಉತ್ತರವನ್ನೇ ಬಿಟ್ಟಿರುತ್ತವೆ. ಈ ತಿರುವು ಬೇಕೆಂದರೆ ಸಾವುಗಳನ್ನು ಮೊದಲೇ ಅವಳ ಕೈಗೆ ಎಟಕುವಂತೆ ಬರೆಯಿರಿ; ಮುಚ್ಚಿದ ಕೋಣೆಯಲ್ಲಿ ತಾನಾಗಿ ಒಡೆಯುವ ಕನ್ನಡಿಗೆ ಅಲ್ಲಿ ಜಾಗವಿಲ್ಲ.